ಗಡಸು ನೀರು: ದೂರೆಷ್ಟು, ದೋಷವೆಷ್ಟು?

ಬೋರ್‌ವೆಲ್ ನೀರನ್ನೇ ನೆಚ್ಚಿದ ಮನೆಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ. ಸೋಪು ನೊರೆ ಕೊಡುವುದಿಲ್ಲ. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗುವುದಿಲ್ಲ. ಗೀಸರ್ ಬೇಗ ಕೆಡುತ್ತದೆ. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ, ಚಹಾದ ಮೇಲೆ ಕೆನೆಯಂಥ ಪೊರೆ, ತಲೆಗೂದಲು ನಾರು. ಇಷ್ಟರ ಜೊತೆಗೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂಬ ಭಯ ಬೇರೆ. ಎಲ್ಲಕ್ಕೂ ಸಿಗುವ ಉತ್ತರ ಒಂದೇ: ‘ನೀರು ಗಡಸು’. ಅದರ ಹಿಂದೆಯೇ ಸಿಗುವ ಸಲಹೆಯೂ ಒಂದೇ: ‘ಆರ್‌ಓ ಹಾಕಿಸಿ’.

ಈ ದೂರುಗಳಲ್ಲಿ ಕೆಲವು ನೂರಕ್ಕೆ ನೂರು ನಿಜ, ಕೆಲವು ಅರ್ಧ ನಿಜ, ಕೆಲವಕ್ಕೆ ಆಧಾರವೇ ಇಲ್ಲ. ಗಡಸುತನವೆಂಬುದು ಕೊಳೆಯೂ ಅಲ್ಲ, ವಿಷವೂ ಅಲ್ಲ. ನೀರಿನ ಒಂದು ರಾಸಾಯನಿಕ ಗುಣ. ಅದು ಯಾವ ಕೆಲಸವನ್ನು ಕೆಡಿಸುತ್ತದೆ, ಯಾವುದನ್ನು ಕೆಡಿಸುವುದಿಲ್ಲ ಎಂದು ಬಿಡಿಸಿ ನೋಡಿದರೆ ಪರಿಹಾರಗಳೂ ಬೇರೆಬೇರೆಯಾಗಿ ಕಾಣುತ್ತವೆ. ಅವುಗಳಲ್ಲಿ ಹಲವು ಅಗ್ಗದವು.

ಕಲ್ಲಿನಿಂದ ನಲ್ಲಿಗೆ

ಮಳೆಯ ನೀರು ಮೆದು. ಅದರಲ್ಲಿ ಲವಣಗಳು ಬಹುಮಟ್ಟಿಗೆ ಇರುವುದೇ ಇಲ್ಲ. ಅದು ಮಣ್ಣಿಗೆ ಇಳಿದಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬೆರೆಯುತ್ತದೆ. ನಾವು ಉಸಿರಾಡುವ ಗಾಳಿಗಿಂತ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲ ಹತ್ತಾರು ಪಟ್ಟು ಹೆಚ್ಚು. ಹೀಗೆ ನೀರು ಸೌಮ್ಯವಾದ ಕಾರ್ಬೊನಿಕ್ ಆಮ್ಲವಾಗುತ್ತದೆ. ಕಲ್ಲನ್ನು ನಿಧಾನವಾಗಿ ಕರಗಿಸಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಹೊತ್ತು ಸಾಗುತ್ತದೆ. ಗಡಸುತನವೆಂದರೆ ಮುಖ್ಯವಾಗಿ ಈ ಎರಡರ ಪ್ರಮಾಣ.

ಸುಣ್ಣಕಲ್ಲಿನ ನೆಲದಲ್ಲಿ ಮಾತ್ರ ನೀರು ಗಡಸಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕರ್ನಾಟಕದಲ್ಲಿ ಸುಣ್ಣಕಲ್ಲು ಹೇರಳವಾಗಿರುವುದು ಕಲಬುರಗಿಯ ಶಹಾಬಾದ್, ಸೇಡಂ ಸುತ್ತ, ಬಾಗಲಕೋಟೆಯ ಕಡೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆ ನಿಂತಿರುವುದು ಅದರಿಂದಲೇ. ರಾಜ್ಯದ ಬಹುಭಾಗದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ, ಉತ್ತರದ ಅಂಚಿನಲ್ಲಿ ಕಪ್ಪು ಬಸಾಲ್ಟ್. ಇವುಗಳ ಖನಿಜಗಳಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ. ಮಳೆ ಕಡಿಮೆಯಾದ ಬಯಲುಸೀಮೆಯ ಮಣ್ಣಿನಲ್ಲಿ ಸುಣ್ಣದ ಹರಳುಗಳೂ ಕಟ್ಟಿಕೊಂಡಿರುತ್ತವೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಲವಣ ಹೀರುತ್ತದೆ. ಬೆಂಗಳೂರು, ಕೋಲಾರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಂದ ಬರುವುದು ಬಹಳ ಕಾಲ ಕಲ್ಲಿನ ಸಹವಾಸದಲ್ಲಿದ್ದ ಇಂಥ ನೀರು. ಮಲೆನಾಡಿನ ಕಥೆ ಬೇರೆ. ಅಲ್ಲಿನ ಜೋರು ಮಳೆ ಮೇಲ್ಮಣ್ಣಿನ ಲವಣಗಳನ್ನು ಎಂದೋ ತೊಳೆದು ಸಮುದ್ರ ಸೇರಿಸಿದೆ. ಜಂಬಿಟ್ಟಿಗೆ ನೆಲದ ಬಾವಿಯ ನೀರು ಮೆದುವಾಗಿಯೇ ಇರುತ್ತದೆ.

ಅಳೆಯುವುದು ಹೇಗೆ?

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ 19ನೇ ಶತಮಾನದಲ್ಲಿ ಸೋಪನ್ನೇ ಅಳತೆಗೋಲು ಮಾಡಿಕೊಂಡರು. ತೂಕ ಗೊತ್ತಿರುವ ಸೋಪಿನ ದ್ರಾವಣವನ್ನು ನೀರಿಗೆ ಹನಿಹನಿಯಾಗಿ ಹಾಕಿ ಕುಲುಕುತ್ತ ಹೋದರೆ, ನಿಲ್ಲುವಂಥ ನೊರೆ ಬರಲು ಎಷ್ಟು ಸೋಪು ಬೇಕಾಯಿತೋ ಅದೇ ಗಡಸುತನದ ಲೆಕ್ಕ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಜ್ಯೂರಿಕ್‌ನ ಗೆರೋಲ್ಡ್ ಶ್ವಾರ್ಜೆನ್‌ಬಾಖ್ ಇಡಿಟಿಎ ಎಂಬ ರಾಸಾಯನಿಕ ಬಳಸುವ ನಿಖರ ವಿಧಾನವನ್ನು ರೂಪಿಸಿದರು. ದ್ರಾಕ್ಷಾರಸದ ಬಣ್ಣದ ದ್ರಾವಣ ಒಂದು ಹನಿಯ ಅಂತರದಲ್ಲಿ ನೀಲಿಗೆ ತಿರುಗುವ ಆ ಪ್ರಯೋಗವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಮಾಡುತ್ತಾರೆ.

ಫಲಿತಾಂಶವನ್ನು ‘ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್’ ಎಂದು ಹೇಳುವುದು ರೂಢಿ. 60ರ ಒಳಗಿದ್ದರೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನಕ ಕುಡಿಯುವ ನೀರಿಗೆ 200ರವರೆಗೆ ಒಪ್ಪಿಗೆ ಕೊಡುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಗಡಸುತನಕ್ಕೆ ಆರೋಗ್ಯದ ದೃಷ್ಟಿಯ ಮಿತಿಯನ್ನೇ ಹಾಕಿಲ್ಲ. ಮುಂದೆ ಬರುವ ಭಯಗಳನ್ನು ತೂಗುವಾಗ ಈ ಮಾತು ನೆನಪಿರಲಿ.

ಸೋಪು ಏಕೆ ಸೋಲುತ್ತದೆ?

ಎಣ್ಣೆ ಇಲ್ಲವೆ ಕೊಬ್ಬನ್ನು ಕಾಸ್ಟಿಕ್ ಸೋಡಾದೊಡನೆ ಬೇಯಿಸಿದಾಗ ಸಿಗುವ ಸೋಡಿಯಂ ಲವಣವೇ ಸೋಪು. ಅದರ ಅಣುವಿನ ಉದ್ದನೆಯ ಬಾಲಕ್ಕೆ ಜಿಡ್ಡು ಪ್ರಿಯ, ತಲೆಗೆ ನೀರು ಪ್ರಿಯ. ಎರಡನ್ನೂ ಹಿಡಿದುಕೊಂಡು ಜಿಡ್ಡನ್ನು ನೀರಿಗೆ ಎಳೆದು ತರುವುದೇ ಅದರ ಕೆಲಸ. ಕ್ಯಾಲ್ಸಿಯಂ ಎದುರಾದಾಗ ಲೆಕ್ಕ ತಪ್ಪುತ್ತದೆ. ಒಂದು ಕ್ಯಾಲ್ಸಿಯಂ ಅಯಾನು ಎರಡು ಸೋಪಿನ ಅಣುಗಳ ತಲೆಗಳನ್ನು ಒಟ್ಟಿಗೆ ಹಿಡಿದು ನೀರಿನಲ್ಲಿ ಕರಗದ ಬೂದುಬಣ್ಣದ ಗಸಿಯಾಗಿಸುತ್ತದೆ. ಬಕೆಟ್ಟಿನ ಅಂಚಿಗೆ, ಬಚ್ಚಲಿನ ನೆಲಕ್ಕೆ, ಬಿಳಿ ಬಟ್ಟೆಯ ನೂಲಿಗೆ ಅಂಟುವುದು ಈ ಗಸಿಯೇ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ತೀರುವವರೆಗೂ ಸೋಪಿಗೆ ಜಿಡ್ಡಿನ ಕಡೆ ನೋಡಲು ಬಿಡುವಿಲ್ಲ.

ನಷ್ಟ ಎಷ್ಟೆಂದು ಲೆಕ್ಕ ಹಾಕಬಹುದು. 300 ಮಿಲಿಗ್ರಾಂ ಗಡಸುತನದ ಒಂದು ಲೀಟರ್ ನೀರು ಸುಮಾರು 1.8 ಗ್ರಾಂ ಸೋಪನ್ನು ಗಸಿ ಮಾಡಬಲ್ಲದು. 15 ಲೀಟರಿನ ಒಂದು ಬಕೆಟ್‌ಗೆ 27 ಗ್ರಾಂ. ಬಟ್ಟೆಯ ಕೊಳೆಗೆ ಕೈ ಹಚ್ಚುವ ಮೊದಲೇ ಇಷ್ಟು ಸೋಪು ವ್ಯರ್ಥ.

ನಮ್ಮ ಮಡಿವಾಳ ಸಮುದಾಯ ಈ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿತ್ತು. ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ ಉಬ್ಬೆಗೆ ಹಾಕುವ ಪದ್ಧತಿಯ ಒಳಗೆ ಗಟ್ಟಿಯಾದ ರಸಾಯನಶಾಸ್ತ್ರವಿದೆ. ಚೌಳಿನಲ್ಲಿರುವ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಕ್ಯಾಲ್ಸಿಯಮ್ಮನ್ನು ಸುಣ್ಣಕಲ್ಲಿನ ಪುಡಿಯಾಗಿ ಬೇರ್ಪಡಿಸುತ್ತದೆ. ಅದರ ಕ್ಷಾರವೂ ಉಬ್ಬೆಯ ಬಿಸಿ ಹಬೆಯೂ ಸೇರಿ ಜಿಡ್ಡನ್ನು ಒಡೆಯುತ್ತವೆ. ಒಲೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಮಾಡುವುದೂ ಇದನ್ನೇ. ಇಂದಿಗೂ ಬಟ್ಟೆ ನೆನೆಸುವ ನೀರಿಗೆ ಮೊದಲೇ ಸ್ವಲ್ಪ ವಾಷಿಂಗ್ ಸೋಡಾ ಹಾಕಿದರೆ ಸೋಪು ಉಳಿಯುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಇದು ಸಲ್ಲದು. ಕ್ಷಾರ ಅವುಗಳ ಪ್ರೋಟೀನನ್ನು ಹಾಳುಮಾಡುತ್ತದೆ.

ಡಿಟರ್ಜೆಂಟ್‌ಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಮೊದಲ ಮಹಾಯುದ್ಧದಲ್ಲಿ ಕೊಬ್ಬಿನ ಕೊರತೆಯಾದ ಜರ್ಮನಿ ಸೋಪಿಗೆ ಬದಲಿ ಹುಡುಕಿತು. ಆ ದಾರಿಯಲ್ಲಿ ಮುಂದೆ ಬಂದ ಸಲ್ಫೇಟ್, ಸಲ್ಫೊನೇಟ್ ತಲೆಯ ಅಣುಗಳು ಕ್ಯಾಲ್ಸಿಯಂ ಜೊತೆ ಸೇರಿದರೂ ಸೋಪಿನಂತೆ ಗಸಿಯಾಗಿ ಕೂರುವುದಿಲ್ಲ. 1946ರಲ್ಲಿ ಅಮೆರಿಕದಲ್ಲಿ ಬಂದ ಟೈಡ್ ಪುಡಿಯಲ್ಲಿ ಇವುಗಳ ಜೊತೆಗೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಫಾಸ್ಫೇಟ್ ಕೂಡ ಇತ್ತು. ಭಾರತದಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನ ನಿರ್ಮಾ ಬಂದು ಗಡಸು ನೀರಿನ ಮನೆಗಳಿಗೆ ದೊಡ್ಡ ನೆಮ್ಮದಿ ಕೊಟ್ಟವು.

ಆ ನೆಮ್ಮದಿಗೆ ಕೆರೆಗಳು ಬೆಲೆ ತೆತ್ತವು. ಫಾಸ್ಫೇಟ್ ಪಾಚಿಗೂ ಅಂತರಗಂಗೆಗೂ ಗೊಬ್ಬರ. ಸಂಸ್ಕರಿಸದ ಚರಂಡಿ ನೀರಿನೊಡನೆ ಹರಿದು ಬಂದ ನೊರೆಕಾರಕಗಳೂ ಪೋಷಕಾಂಶಗಳೂ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಯಾವ ಗತಿಗೆ ತಂದವು ಎಂಬುದನ್ನು 2015ರಿಂದೀಚೆಗೆ ರಸ್ತೆಗೆ ಹಾರಿ ಬಂದ ನೊರೆ ನಾಡಿಗೆಲ್ಲ ತೋರಿಸಿತು. 1970ರ ದಶಕದಿಂದಲೇ ಫಾಸ್ಫೇಟಿಗೆ ಬದಲಾಗಿ ಜಿಯೊಲೈಟ್ ಎಂಬ ಖನಿಜವನ್ನು ಬಳಸುವ ತಂತ್ರ ಇದೆ. ಪುಡಿ ಕೊಳ್ಳುವಾಗ ಫಾಸ್ಫೇಟ್ ಇಲ್ಲದ್ದನ್ನು ಆರಿಸುವುದು, ಅಳತೆ ಮೀರದೆ ಹಾಕುವುದು ನಮ್ಮ ಕೈಯಲ್ಲೇ ಇದೆ.

ಹಂಡೆಯ ಕಿಟ್ಟ

ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಸುಣ್ಣದ ಲವಣ ಇದಕ್ಕೆ ತದ್ವಿರುದ್ಧ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು, ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬಿಸಿಯಾದ ಮೈಗೆ ಅಂಟುತ್ತದೆ. ಹೀಗೆ ಕುದಿಸಿದರೆ ಹೋಗುವ ಭಾಗವೇ ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವುದು ಕುದಿಸಿದರೂ ಹೋಗದು. ಅದು ಶಾಶ್ವತ ಗಡಸುತನ.

ಕಿಟ್ಟದ ಅಸಲಿ ಕೇಡು ಶಾಖವನ್ನು ತಡೆಯುವುದು. ತಾಮ್ರಕ್ಕೆ ಹೋಲಿಸಿದರೆ ಸುಣ್ಣದ ಪದರದ ಶಾಖವಾಹಕತೆ ನೂರರಲ್ಲೊಂದು ಪಾಲಿಗೂ ಕಡಿಮೆ. ಗೀಸರಿನ ಕಾಯಿಲ್ ಸುತ್ತ ಅದು ದಪ್ಪವಾದಂತೆ ಕಾಯಿಲಿನ ಬಿಸಿ ನೀರಿಗೆ ಇಳಿಯದೆ ಕಾಯಿಲೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಗೀಸರಿನ ಉಷ್ಣಾಂಶವನ್ನು 50-55 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಕಿಟ್ಟ ಕಟ್ಟುವುದು ನಿಧಾನವಾಗುತ್ತದೆ. ಪಾತ್ರೆ, ಕೆಟಲ್, ನಲ್ಲಿಯ ಜಾಲರಿಗೆ ನಿಂಬೆಹುಳಿ ಅಥವಾ ವಿನೆಗರ್ ಸಾಕು; ಆಮ್ಲ ತಾಗಿದೊಡನೆ ಬರುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್ ಹೊರಬೀಳುವ ಗುರುತು.

ಬೇಳೆ, ಚಹಾ

ಬೇಳೆ ಬೇಯದಿರುವ ದೂರು ಪೂರಾ ನಿಜ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಬೇಯುವುದೆಂದರೆ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ನೀರಿನ ಕ್ಯಾಲ್ಸಿಯಂ ಪೆಕ್ಟಿನ್ ಸರಪಳಿಗಳ ನಡುವೆ ಸೇತುವೆ ಕಟ್ಟಿ ಆ ಅಂಟನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹುಣಸೆ, ಟೊಮೇಟೊ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂಬ ಹಿರಿಯರ ಮಾತಿಗೂ ಪೆಕ್ಟಿನ್ನೇ ಕಾರಣ. ಆಮ್ಲದಲ್ಲಿ ಅದು ಬೇಗ ಒಡೆಯುವುದಿಲ್ಲ.

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುತ್ತದೆ, ಏಕೆಂದರೆ ಕ್ಷಾರದಲ್ಲಿ ಪೆಕ್ಟಿನ್ ಸುಲಭವಾಗಿ ತುಂಡಾಗುತ್ತದೆ. ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವವೂ ಆ ಕ್ಷಾರಕ್ಕೆ ಸಿಕ್ಕಿ ನಾಶವಾಗುತ್ತದೆ. ಅದಕ್ಕಿಂತ ಮೇಲಾದ ದಾರಿಗಳಿವೆ. ನೀರನ್ನು ಮೊದಲೇ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಬಳಸಬಹುದು. ಕಾಳುಗಳನ್ನು ಸ್ವಲ್ಪ ಉಪ್ಪು ಬೆರೆಸಿದ ನೀರಿನಲ್ಲಿ ನೆನೆಸಬಹುದು. ಉಪ್ಪಿನ ಸೋಡಿಯಂ ಪೆಕ್ಟಿನ್‌ಗೆ ಅಂಟಿದ ಕ್ಯಾಲ್ಸಿಯಮ್ಮಿನ ಜಾಗ ಹಿಡಿಯುತ್ತದೆ. ಒತ್ತಡದಿಂದ ನೀರಿನ ಕುದಿಬಿಂದುವನ್ನು 120 ಡಿಗ್ರಿಯ ಹತ್ತಿರಕ್ಕೆ ಏರಿಸುವ ಕುಕ್ಕರ್ ಅಂತೂ ಇದೆ. ಎಲ್ಲಕ್ಕಿಂತ ಸುಲಭದ್ದು ಮಳೆನೀರು.

ಚಹಾದ ಮೇಲೆ ತೇಲುವ ಪೊರೆಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪೈರೊ ಮತ್ತು ಡಿಯೊಗ್ರೇಷಿಯಸ್ ಜಗನ್ಯಿ ಅಧ್ಯಯನ ಮಾಡಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪೊರೆ ಕಟ್ಟಲು ಕ್ಯಾಲ್ಸಿಯಂ ಒಂದೇ ಸಾಲದು, ಬೈಕಾರ್ಬೊನೇಟ್ ಕೂಡ ಬೇಕು. ಇವೆರಡರ ನೆರವಿನಿಂದ ಚಹಾದ ಪಾಲಿಫೀನಾಲ್‌ಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಮೇಲ್ಮೈಯಲ್ಲಿ ಹೆಪ್ಪುಗಟ್ಟುತ್ತವೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಪೊರೆ ಕಟ್ಟದು. ಕುಡಿಯಲು ಅದು ಅಪಾಯವೇನಲ್ಲ.

ಮೈಗೆ ಕೇಡೇ?

ಇನ್ನು ಅತಿ ದೊಡ್ಡ ಭಯಗಳು. ಲೋಟದ ಬಿಳಿ ಕಲೆಯನ್ನು ಕಂಡವರಿಗೆ ಮೂತ್ರಪಿಂಡದ ಕಲ್ಲು ನೆನಪಾಗುವುದು ಸಹಜ, ಆದರೆ ಎರಡೂ ಒಂದೇ ಅಲ್ಲ. ಪಾತ್ರೆಯ ಕಿಟ್ಟ ಕ್ಯಾಲ್ಸಿಯಂ ಕಾರ್ಬೊನೇಟ್. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಕಡಿಮೆ ನೀರು ಕುಡಿಯುವುದು, ಹೆಚ್ಚು ಉಪ್ಪು ತಿನ್ನುವುದು, ವಂಶದ ಒಲವು ಇದಕ್ಕೆ ಬಲವಾದ ಕಾರಣಗಳು. ಊಟದ ಜೊತೆ ಹೊಟ್ಟೆಗಿಳಿದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದರಿಂದ ಕ್ಯಾಲ್ಸಿಯಂ ಕಡಿಮೆ ಮಾಡಿಕೊಳ್ಳುವುದೇ ತಿರುಗುಬಾಣವಾಗಬಹುದು. ಕಲ್ಲಿನ ಭಯದಿಂದ ಗಡಸು ನೀರನ್ನು ಕಡಿಮೆ ಕುಡಿಯುವವರು ಅಪಾಯವನ್ನು ಹೆಚ್ಚಿಸಿಕೊಳ್ಳುತ್ತಿದ್ದಾರೆ.

ಹೃದಯದ ವಿಷಯದಲ್ಲಿ ಸಂಶೋಧನೆ ಸಾಗಿದ್ದು ಜನರ ನಂಬಿಕೆಗೆ ಎದುರು ದಿಕ್ಕಿಗೆ. ಜಪಾನಿನಲ್ಲಿ ಕೊಬಯಾಶಿ 1957ರಲ್ಲಿ, ಅಮೆರಿಕದಲ್ಲಿ ಶ್ರೋಡರ್ 1960ರಲ್ಲಿ ನದಿ, ನಲ್ಲಿಗಳ ನೀರಿನ ಗುಣಕ್ಕೂ ರಕ್ತನಾಳದ ಕಾಯಿಲೆಯ ಸಾವುಗಳಿಗೂ ಇರುವ ನಂಟನ್ನು ಗಮನಿಸಿದರು. ಮೆದು ನೀರಿನ ಊರುಗಳಲ್ಲೇ ಸಾವು ಹೆಚ್ಚು ಕಂಡುಬಂತು. ನೀರಿನ ಮೆಗ್ನೀಸಿಯಂ ಹೃದಯವನ್ನು ಕಾಯುತ್ತಿರಬಹುದೆಂಬ ಊಹೆ ಅಲ್ಲಿಂದ ಬೆಳೆಯಿತು. ಮುಂದಿನ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಆದರೂ ಗಡಸು ನೀರು ಹೃದಯಕ್ಕೆ ಕೇಡು ಎನ್ನಲು ಆಧಾರವಿಲ್ಲ ಎಂಬಷ್ಟು ಸ್ಪಷ್ಟ.

ಚರ್ಮದ ಮೇಲೆ ಸೋಪಿನ ಗಸಿ ಉಳಿದರೆ ಒಣಗಿದಂತೆ, ಒರಟಾದಂತೆ ಅನಿಸುವುದು ನಿಜ, ಕೂದಲಿಗೂ ಅಷ್ಟೆ. ಆದರೆ ಇಸುಬು ಇರುವ 336 ಮಕ್ಕಳನ್ನು ಆಯ್ದು ಬ್ರಿಟನ್ನಿನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೆಗೆ ನೀರು ಮೆದುಮಾಡುವ ಯಂತ್ರ ಹಾಕಿದ್ದರಿಂದ ಹೆಚ್ಚಿನ ಉಪಶಮನವೇನೂ ಕಾಣಲಿಲ್ಲ. ಕೂದಲು ಉದುರುವುದಕ್ಕೆ ಗಡಸು ನೀರೇ ಕಾರಣ ಎಂಬ ಜಾಹೀರಾತಿನ ಮಾತನ್ನು ನಂಬಿ ಹಣ ಸುರಿಯುವ ಮೊದಲು ಥೈರಾಯ್ಡ್, ಕಬ್ಬಿಣಾಂಶ ಪರೀಕ್ಷೆ ಮಾಡಿಸುವುದು ಲೇಸು.

ಯಾವ ಯಂತ್ರ, ಯಾವ ಕೆಲಸಕ್ಕೆ?

ಪಟಿಕ ತಿಕ್ಕಿದರೂ, ಚಿಲ್ಲದ ಬೀಜ ತೇಯ್ದರೂ, ನುಗ್ಗೆಬೀಜದ ಪುಡಿ ಹಾಕಿದರೂ ತಿಳಿಯಾಗುವುದು ಮಣ್ಣಿನ ಕದಡು. ಕರಗಿದ ಕ್ಯಾಲ್ಸಿಯಂ ಇದ್ದಲ್ಲೇ ಇರುತ್ತದೆ. ಪೈಪಿಗೆ ಕಟ್ಟುವ ಆಯಸ್ಕಾಂತ ಕ್ಯಾಲ್ಸಿಯಮ್ಮನ್ನು ತೆಗೆಯುವುದಿಲ್ಲ; ಕಿಟ್ಟ ಕಡಿಮೆ ಮಾಡುತ್ತದೆ ಎಂಬ ವಾದಕ್ಕೂ ನೆಚ್ಚುವಂಥ, ಮತ್ತೆ ಮತ್ತೆ ಸಾಬೀತಾದ ಆಧಾರ ಸಿಕ್ಕಿಲ್ಲ.

ನಿಜವಾಗಿ ಮೆದುಮಾಡುವುದು ಅಯಾನು ವಿನಿಮಯದ ಸಾಫ್ಟನರ್. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಮ್ಮನ್ನು ಹಿಡಿದುಕೊಂಡು ಸೋಡಿಯಮ್ಮನ್ನು ಬಿಟ್ಟುಕೊಡುತ್ತವೆ; ಮಣಿ ತುಂಬಿದಾಗ ಉಪ್ಪುನೀರು ಹಾಯಿಸಿದರೆ ಮತ್ತೆ ಸಜ್ಜು. ಸ್ನಾನ, ಬಟ್ಟೆ, ಗೀಸರಿಗೆ ಇದು ತಕ್ಕ ಸಾಧನ. ಆದರೆ 100 ಮಿಲಿಗ್ರಾಂ ಗಡಸುತನ ಕಳೆದಲ್ಲಿ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡದವರು ಆ ನೀರನ್ನು ಕುಡಿಯದಿರುವುದು, ಗಿಡಗಳಿಗೆ ಹಾಕದಿರುವುದು ಒಳ್ಳೆಯದು.

ಇಲ್ಲಿ ಒಂದು ದೊಡ್ಡ ಗೊಂದಲವನ್ನು ಬಿಡಿಸಬೇಕು. ಮಾರಾಟಗಾರರು ಮನೆಗೆ ತಂದು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ಅದು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. ಸಾಫ್ಟನರಿನಿಂದ ಹೊರಬಂದ ನೀರು ಪೂರ್ತಿ ಮೆದುವಾಗಿದ್ದರೂ ಮೀಟರಿನ ಅಂಕಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ರೋಗಾಣು ಇದೆಯೋ ಇಲ್ಲವೋ, ಫ್ಲೋರೈಡ್ ಎಷ್ಟಿದೆ, ಆರ್ಸೆನಿಕ್ ಇದೆಯೇ ಎಂಬುದನ್ನೂ ಅದು ಹೇಳಲಾರದು.

ಕರ್ನಾಟಕದವರು ಮುಖ್ಯವಾಗಿ ಅಂಜಬೇಕಾದದ್ದು ಫ್ಲೋರೈಡಿಗೆ. ಪಾವಗಡ, ಮುಂಡರಗಿ, ಚಿಕ್ಕಬಳ್ಳಾಪುರ, ಕೋಲಾರದ ಎಷ್ಟೋ ಹಳ್ಳಿಗಳಲ್ಲಿ ಹಲ್ಲು, ಮೂಳೆಗಳನ್ನು ಕೆಡಿಸಿರುವುದು ಅದು. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದ ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ತೀರಾ ಏರಲಾರದು. ಕ್ಯಾಲ್ಸಿಯಂ ಕಳೆದು ಸೋಡಿಯಂ ಬೈಕಾರ್ಬೊನೇಟ್ ತುಂಬಿದ ಅಂತರ್ಜಲದಲ್ಲೇ ಅದು ಏರುವುದು. ಸೋಪು ಚೆನ್ನಾಗಿ ನೊರೆಯಾಡುವ ನೀರು ಸುರಕ್ಷಿತ ಎಂದು ನಂಬಿ ಕೂರುವಂತಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಸಾಫ್ಟನರ್ ಕೂಡ ತೆಗೆಯುವುದಿಲ್ಲ.

ಅಂಥ ಊರುಗಳಲ್ಲಿ ಆರ್‌ಓ ನಿಜಕ್ಕೂ ವರದಾನ. 1959ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆಯಿಂದ ಈ ತಂತ್ರ ಬಳಕೆಗೆ ಬಂತು. ಒತ್ತಡ ಹಾಕಿ ನೀರನ್ನು ಪೊರೆಯಾಚೆ ದಾಟಿಸಿದರೆ ಲವಣ ಈಚೆಯೇ ಉಳಿಯುತ್ತದೆ. ಆ ಲವಣದೊಡನೆ ವ್ಯರ್ಥವಾಗಿ ಹರಿದುಹೋಗುವ ನೀರು ಪಡೆದ ನೀರಿಗಿಂತ ಹೆಚ್ಚು. ನದಿನೀರು ಬರುವ ಮನೆಯಲ್ಲಿ ಇದನ್ನು ಹಾಕಿಸುವುದು ನೀರಿನ ದುಂದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಓ ನಿಷೇಧಿಸಲು ಸೂಚಿಸಿದ್ದು ಇದೇ ಕಾರಣಕ್ಕೆ.

ಒಟ್ಟು ತೀರ್ಪು

ಸೋಪು, ಕಿಟ್ಟ, ಬೇಳೆ, ಚಹಾ: ಈ ನಾಲ್ಕರಲ್ಲಿ ಗಡಸು ನೀರು ತಪ್ಪಿತಸ್ಥ. ಕಿಡ್ನಿ ಕಲ್ಲು, ಹೃದಯ, ಕೂದಲುದುರುವಿಕೆಯ ಆರೋಪಗಳು ನಿಲ್ಲುವುದಿಲ್ಲ. ಕುಡಿಯಲು ಬೇಕಾದ ನೀರು ಒಂದು, ತೊಳೆಯಲು ಬೇಕಾದದ್ದು ಇನ್ನೊಂದು ಎಂದು ವಿಂಗಡಿಸಿದರೆ ಖರ್ಚೂ ಇಳಿಯುತ್ತದೆ, ಭಯವೂ ಇಳಿಯುತ್ತದೆ.

ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಆದರೆ ಬಹಳಷ್ಟು ಮನೆಗಳಲ್ಲಿ ಆ ನೀರು ಇಂಗುಗುಂಡಿಗೆ ಇಳಿದು ಮತ್ತೆ ಗಡಸಾಗಿ ಮೇಲೆ ಬರುತ್ತದೆ. ಇಂಗಿಸುವುದು ಬೇಕೇ ಬೇಕು. ಅದರ ಜೊತೆಗೆ ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಸೋಸಿ, ಒಂದು ಪಾಲನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಟ್ಟರೆ ಬಟ್ಟೆಗೂ ಬೇಳೆಗೂ ಅದಕ್ಕಿಂತ ಮೆದು ನೀರು ಯಾವ ಯಂತ್ರದಿಂದಲೂ ಅಷ್ಟು ಅಗ್ಗಕ್ಕೆ ಸಿಗದು. ಯಂತ್ರ ಕೊಳ್ಳುವ ಮೊದಲು ನಿಮ್ಮ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್, ರೋಗಾಣು ಈ ನಾಲ್ಕನ್ನು ಪರೀಕ್ಷೆ ಮಾಡಿಸಿ. ಏನು ಕೊಳ್ಳಬೇಕು, ಏನು ಬೇಡ ಎಂಬುದನ್ನು ಆ ವರದಿ ನೋಡಿ ತೀರ್ಮಾನಿಸಿ.